ಆಯುಷ್ಯದ ಹಲಗೆಗಳು

ಫೊಂಗ್ ಗಿಟ್ ಮಂಚದ ಅಡಿಗೆ ಎದೆಯವರೆಗೂ ತೂರಿಕೊಂಡು ಹರಿದ ಚಾಪೆ, ಮುರುಕು ಬುಟ್ಟಿ, ಒಂಟಿ ಬೂಟುಗಳನ್ನೆಲ್ಲ ಒಂದೊಂದಾಗಿ ಹೊರಗೆ ಎಸೆಯುತ್ತಿದ್ದ. ಮಂಚದ ಮೇಲೆ ಮೋಯ್ ಲುನ್ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಒಂದು ತಿಂಗಳಿನಿಂದ ಕೆಮ್ಮಿ ಕೆಮ್ಮಿ, ಬೆಳಗಿನ ಜಾವ ಅವನ ಎದೆ ಸುಮ್ಮನಾಗಿತ್ತು.

"ಹಲಗೆ ಇಲ್ಲ," ಎಂದ ಗಿಟ್, ಮಂಚದ ಅಡಿಯಿಂದಲೇ.

"ಸರಿಯಾಗಿ ನೋಡಪ್ಪ. ಆಳುದ್ದದ ಹಲಗೆ ಅದು, ಸೂಜಿ ಅಲ್ಲ ಕಳೆದುಹೋಗಕ್ಕೆ," ಎಂದ ಅಡಿಗೆಯ ಮೋಕ್. ಅವನು ಸತ್ತವನ ತಲೆಯ ಹತ್ತಿರ ಅನ್ನದ ಬಟ್ಟಲಿಟ್ಟು ಊದುಬತ್ತಿ ಹಚ್ಚುತ್ತಿದ್ದ.

"ನೀನೇ ಬಂದು ನೋಡು. ಇಲಿ ಹಿಕ್ಕೆ ಬಿಟ್ರೆ ಏನೂ ಇಲ್ಲ."

ಗಿಟ್ ಹೊರಗೆ ಬಂದು ಮೊಣಕಾಲ ಮೇಲೆ ಕುಳಿತ. ಗಡ್ಡದಲ್ಲಿ ಜೇಡರ ಬಲೆ ಸಿಕ್ಕಿಕೊಂಡಿತ್ತು. ಲುನ್ ಮತ್ತು ಅವನು ಕ್ಯಾಂಟನ್ನಿನ ತೆಂಕಣ ಸೀಮೆಯ ಒಂದೇ ಊರಿನವರು, ಒಂದೇ ಹಡಗಿನಲ್ಲಿ ಒಂದೇ ಚಾಪೆಯ ಮೇಲೆ ವಾಂತಿ ಮಾಡಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದವರು. ಯಾರು ಮೊದಲು ಹೋದರೂ ಉಳಿದವನು ಅವನನ್ನು ಅವನದೇ ಹಲಗೆಗಳಿಂದ ಮಾಡಿದ ಹೆಣದ ಪೆಟ್ಟಿಗೆಯಲ್ಲಿ ಮಲಗಿಸಬೇಕು ಎಂದು ಮಾತಾಗಿತ್ತು. ಗಿಟ್ ಇನ್ನೂ ತನ್ನ ಹಲಗೆ ಮಾಡಿಕೊಂಡಿರಲಿಲ್ಲ. ಲುನ್ ಮಾಡಿಕೊಂಡಿದ್ದ, ಅದೂ ಎಂಥದ್ದು! ಅಂಗೈ ದಪ್ಪದ ದೇವದಾರು. ಗಣಿಯ ಬಿಡಾರದಲ್ಲಿ ಅಂಥ ಹಲಗೆ ಇದ್ದವನು ಇನ್ನೊಬ್ಬನಿರಲಿಲ್ಲ.

ಗುಂಪಿನ ಮುಖಂಡ ಕ್ವಾನ್ ಬಿಂಗ್ ಬಾಗಿಲಲ್ಲಿ ನಿಂತಿದ್ದ. ಬಿಳಿಯರ ಮಾತು ಬರುತ್ತಿದ್ದುದು ಅವನೊಬ್ಬನಿಗೇ, ಹಾಗಾಗಿ ಎರಡು ಕಡೆಯ ಬೈಗುಳವೂ ಅವನ ಪಾಲಿಗೆ ಬರುತ್ತಿತ್ತು.

"ಗಿಟ್ ಅಣ್ಣ, ಮೇಸ್ತ್ರಿ ಮಧ್ಯಾಹ್ನದವರೆಗೆ ಅಷ್ಟೇ ಬಿಟ್ಟಿರೋದು. ಮೇಣದಬತ್ತಿ ಬಂದಿದ್ದ ಪೆಟ್ಟಿಗೆಗಳಿವೆ. ಒಡೆದು ಜೋಡಿಸಿದ್ರೆ ಒಂದು ಪೆಟ್ಟಿಗೆ ಆಗುತ್ತೆ."

"ಆ ಪೆಟ್ಟಿಗೇಲಿ ನಿನ್ನ ಹೂಳ್ತೀನಿ, ಬೇಕಾ?"

"ಬಯ್ಯಿ, ಬಯ್ಯಿ. ನಾನಿರೋದೇ ಅದಕ್ಕೆ."

"ಈ ಮಣ್ಣು ನಿನಗೆ ಗೊತ್ತಿಲ್ವಾ? ಗಂಧಕದ ಮಣ್ಣು. ಕಬ್ಬಿಣದ ಮೊಳೇನೇ ತಿಂದುಹಾಕುತ್ತೆ. ಆ ತೆಳ್ಳನೆ ಹಲಗೆ ಒಂದು ಮಳೆಗೂ ನಿಲ್ಲಲ್ಲ. ಆಮೇಲೆ ನರಿ ಬಂದು ಅವನನ್ನ ಎಳೆದಾಡಲಿ ಅಂತೀಯಾ?"

ಹೋದ ವರ್ಷ ಹಾಗೆ ಹೂತವನೊಬ್ಬನ ಗತಿ ಏನಾಯಿತೆಂದು ಬಿಂಗ್‌ಗೂ ಗೊತ್ತಿತ್ತು.

*

ಲುನ್‌ಗೆ ಹಲಗೆಯ ಹುಚ್ಚು ಹಿಡಿದದ್ದು ಮಸಿಯ ಕೆಲಸದಲ್ಲಿ.

ಇಲ್ಲಿ ಅಗೆಯುವುದು ಚಿನ್ನವನ್ನಲ್ಲ, ಇಂಗಳೀಕವನ್ನು. ಕೆಂಪು ಕಲ್ಲು. ಅದನ್ನು ಕುಲುಮೆಯಲ್ಲಿ ಸುಟ್ಟರೆ ಹೊಗೆಯಾಗುತ್ತದೆ, ಹೊಗೆ ಇಟ್ಟಿಗೆಯ ಕೋಣೆಗಳಲ್ಲಿ ತಣಿದು ಪಾದರಸವಾಗಿ ಇಳಿಯುತ್ತದೆ. ಕೋಣೆಯ ಗೋಡೆಗೆ ಅಂಟಿದ, ಪಾದರಸದ ವಿಷ ತುಂಬಿದ ಮಸಿಯನ್ನು ಯಾರಾದರೂ ಒಳಗೆ ಹೋಗಿ ಕೆರೆಯಬೇಕು. ಬಿಳಿಯರು ಯಾರೂ ಹೋಗುತ್ತಿರಲಿಲ್ಲ. ಲುನ್ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಎರಡು ಚಳಿಗಾಲ ಕೆರೆದ. ಒಂದು ದಿನ ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ಉಗುಳಿದರೆ ಅದು ಅವನದೇ ಹಲ್ಲು.

"ಮೋಕ್, ನಿನ್ನ ಅಕ್ಕಿ ಬೈದುಬಿಡ್ತಿದ್ದೆ ನಾನು," ಎಂದು ಹಲ್ಲನ್ನು ತೋರಿಸಿ ನಕ್ಕಿದ್ದ. ಆಮೇಲೆ ಉಳಿದವೂ ಹೋದವು. ಕೈ ನಡುಗತೊಡಗಿತು. ಊಟದ ಕಡ್ಡಿಯಿಂದ ಅನ್ನ ಜಾರಿ ಬಿದ್ದು, ಕೊನೆಗೆ ಬಟ್ಟಲನ್ನೇ ಬಾಯಿಗಿಟ್ಟುಕೊಳ್ಳಬೇಕಾಯಿತು.

ನಡುಗುವ ಕೈಯವನು ಮಸಿ ಕೋಣೆಗೆ ಬೇಡವೆಂದು ಅವನನ್ನು ಸುರಂಗದಲ್ಲಿ ಆಸರೆ ಕಂಬ ನಿಲ್ಲಿಸುವ ಕೆಲಸಕ್ಕೆ ಹಾಕಿದರು. ಅದೇ ಹೊತ್ತಿಗೆ ಕೆರೆಯ ಆಚೆಯ ಇಳಿಜಾರಿನಲ್ಲಿ ಗಾಳಿಗೆ ಉರುಳಿದ್ದ ಒಂದು ದೇವದಾರು ಅವನ ಕಣ್ಣಿಗೆ ಬಿತ್ತು. ರಜೆಯ ದಿನಗಳಲ್ಲಿ ಉಳಿದವರು ಜೂಜಿಗೆ ಕುಳಿತರೆ ಲುನ್ ಬಾಚಿ ಹಿಡಿದು ಹೊರಡುತ್ತಿದ್ದ. ಬದುಕಿರುವಾಗಲೇ ಪೆಟ್ಟಿಗೆಯ ಹಲಗೆ ಕೂಡಿಟ್ಟವನಿಗೆ ಸಾವು ನಾಚಿಕೊಂಡು ಹಿಂದೆ ಸರಿಯುತ್ತದೆ ಎಂದು ಅವರ ಸೀಮೆಯಲ್ಲಿ ಹೇಳುತ್ತಾರೆ. ಅದಕ್ಕೇ ಅವುಗಳಿಗೆ ಆಯುಷ್ಯದ ಹಲಗೆ ಎಂದು ಹೆಸರು. ಬೇರೆಯವರು ಅವನ್ನು ಮುಟ್ಟುವುದಿಲ್ಲ, ದಾಟುವುದಿಲ್ಲ, ಅವುಗಳ ನೆರಳಿನಲ್ಲಿ ಕೂಡ ಕೂರುವುದಿಲ್ಲ.

"ಏನು ದೊಡ್ಡಪ್ಪ, ಮನೆ ಕಟ್ತಿದ್ದೀರಾ?" ಎಂದು ಯೀ ಸೂಯಿ ಕಿಚಾಯಿಸುತ್ತಿದ್ದ. ಮೂವತ್ತರ ಈ ಸೂಯಿಗೆ ಜೂಜು ಬಿಟ್ಟರೆ ಬಾಯಿ, ಬಾಯಿ ಬಿಟ್ಟರೆ ಜೂಜು.

"ಹೂಂ ಕಣೋ. ಬಾಡಿಗೆ ಕೇಳೋರಿಲ್ಲದ ಮನೆ."

ಕೊನೆಗೆ ಮುಚ್ಚಳದ ಹಲಗೆಯ ಮೇಲೆ ಆಯುಷ್ಯದ ಅಕ್ಷರ ಬರೆಯಬೇಕಾಗಿತ್ತು. ಗಣಿಯ ಇಂಗಳೀಕವನ್ನೇ ಪುಡಿಮಾಡಿ ಎಣ್ಣೆಯಲ್ಲಿ ಕಲಸಿ, ಕುಂಚವನ್ನು ಮುಂಗೈಗೆ ಬಿಗಿಯಾಗಿ ಕಟ್ಟಿಸಿಕೊಂಡು ಲುನ್ ತಾನೇ ಬರೆದ. ಅಕ್ಷರ ಅಂಕುಡೊಂಕಾಯಿತು. ಬೇರೆಯವರ ಕೈಲಿ ಬರೆಸು ಎಂದು ಗಿಟ್ ಹೇಳಿದ್ದಕ್ಕೆ, "ನನ್ನ ಕೈ ಹೆಂಗಿದೆಯೋ ನನ್ನ ಆಯುಸ್ಸೂ ಹಂಗೇ ಇರಲಿ ಬಿಡು," ಎಂದ.

*

ಹೊರಗೆ ಸೂಯಿ ಕಲ್ಲಿನ ಮೇಲೆ ಕುಳಿತು ಬಿಳಿ ಕಾಗದದ ತುಂಡುಗಳಿಗೆ ತೂತು ಕೊರೆಯುತ್ತಿದ್ದ. ಹೆಣದ ಹಿಂದೆ ಈ ಕಾಗದ ತೂರಿಕೊಂಡು ಹೋದರೆ ದೆವ್ವಗಳು ಒಂದೊಂದು ತೂತಿನಲ್ಲೂ ನುಸುಳಿ ಬರಬೇಕಾಗಿ ಹಿಂದೆ ಬೀಳುತ್ತವೆ. ಗಿಟ್ ಹೋಗಿ ಅವನ ಕೊರಳಪಟ್ಟಿ ಹಿಡಿದ.

"ಯಾರಿಗೆ ಮಾರಿದೆ?"

"ಏನನ್ನ?"

"ಹಲಗೇನ. ಲುನ್ ಮಂಚದ ಪಕ್ಕದ ಮಂಚ ನಿಂದೇ. ಹೋದ ತಿಂಗಳು ಜೂಜಲ್ಲಿ ಕೋಟೂ ಸೋತಿದ್ದವನು ನೀನೇ."

"ಕೋಟು ನಂದು, ಸೋತೆ. ಹಲಗೆ ನಂದಲ್ಲ, ಮಾರಿಲ್ಲ."

"ಎಲ್ಲಿವೆ ಅಂತ ಗೊತ್ತಾ?"

ಸೂಯಿ ತಲೆ ಬಗ್ಗಿಸಿದ. ಗೊತ್ತು ಎಂದು ಅವನ ಕೆಂಪಾದ ಕಿವಿಗಳೇ ಹೇಳುತ್ತಿದ್ದವು. "ಹೇಳಕ್ಕಾಗಲ್ಲ, ದೊಡ್ಡಪ್ಪ. ಮಾತು ಕೊಟ್ಟಿದೀನಿ."

"ಯಾರಿಗೆ?"

"ಒಳಗೆ ಮಲಗಿರೋರಿಗೆ."

ಗಿಟ್ ಅವನ ಕೆನ್ನೆಗೆ ಬಾರಿಸಿದ. ಕಾಗದದ ತುಂಡುಗಳು ಕೆಸರಿನಲ್ಲಿ ಚೆಲ್ಲಾಡಿದವು. ಬಿಡಾರದ ಜನ ಒಬ್ಬೊಬ್ಬರಾಗಿ ಸುತ್ತ ಸೇರಿದರು. ಎಲ್ಲರ ಮನಸ್ಸಿನಲ್ಲೂ ಒಂದೇ ಅನುಮಾನ ಇತ್ತು. ಸತ್ತವನ ಹಲಗೆ ಮಾರಿಕೊಂಡವನಿಗೆ ಕೆನ್ನೆಯೇಟು ಸಾಲದು ಎಂದು ಯಾರೋ ಅಂದರು ಕೂಡ.

ಮೋಕ್ ಸೌಟು ಹಿಡಿದುಕೊಂಡೇ ಬಂದ. "ಸೂಯಿ, ಕೇಳಿಲ್ಲಿ. ಅವನು ಬದುಕಿದ್ದಾಗ ಬಾಯಿ ಮುಚ್ಚಿಕೊಂಡಿದ್ದೆ, ಒಳ್ಳೇದು. ಈಗ ನೀನು ಸುಮ್ಮನಿದ್ರೆ ಅವನಿಗೆ ಮಲಗಕ್ಕೆ ಜಾಗ ಇಲ್ಲ. ಯಾವುದು ದೊಡ್ಡದು ಅಂತ ನೀನೇ ನೋಡು."

ಸೂಯಿ ಕೆಸರಿನಿಂದ ಕಾಗದಗಳನ್ನು ಆಯುತ್ತ ಆಯುತ್ತ ಹೇಳಿದ. "ಕೆಳಗಿನ ಸುರಂಗದಲ್ಲಿವೆ. ತುದೀಲಿ. ಚಳಿಗಾಲ ಪೂರ್ತಿ ನಿಮ್ಮೆಲ್ಲರ ತಲೆ ಮೇಲೇ ಇದ್ದವು."

*

ಕೆಳಗಿನ ಸುರಂಗ ಈ ಬಿಡಾರದವರದ್ದು. ಬಂಡೆಯ ಬಿರುಕುಗಳಿಂದ ಬಿಸಿನೀರು ಜಿನುಗುತ್ತಿತ್ತು, ಕೊಳೆತ ಮೊಟ್ಟೆಯ ನಾತ ಹೊಡೆಯುವ ಗಾಳಿ ಒಮ್ಮೊಮ್ಮೆ ನುಗ್ಗಿ ಬತ್ತಿಗಳನ್ನು ಆರಿಸುತ್ತಿತ್ತು. ಒಳಗಿನವರು ಸ್ವಲ್ಪ ಹೊತ್ತು ಅಗೆದು ಹೊರಗೆ ಬಂದು, ಮೈಮೇಲೆ ತಣ್ಣೀರು ಸುರಿಸಿಕೊಂಡು ಮತ್ತೆ ಹೋಗಬೇಕು. ಮೇಲಿನ ಸುರಂಗದಲ್ಲಿ ಬಿಳಿಯರು ಅಗೆಯುತ್ತಿದ್ದರು, ಅಲ್ಲಿ ಹೆಜ್ಜೆಗೊಂದು ಕಂಬ. ಕೆಳಗಿನದಕ್ಕೆ ಮರ ಮುಂದಿನ ಗಾಡಿಗೆ ಬರುತ್ತದೆ ಎಂದು ಮೇಸ್ತ್ರಿ ಪೆಂಗೆಲಿ ಹೇಳುತ್ತಲೇ ಇದ್ದ. ಗಾಡಿ ಬರುತ್ತಿತ್ತು, ಮರ ಮೇಲಿನ ಸುರಂಗಕ್ಕೆ ಹೋಗುತ್ತಿತ್ತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನಕ್ಕೆ ಬಾವಿಯ ಕಟ್ಟೆ ಯಾಕೆ ಬೇಕು?

ಚಳಿಗಾಲದ ಮೊದಲಲ್ಲಿ ಒಂದು ದಿನ ತುದಿಯ ಚಾವಣಿಯಿಂದ ಪುಡಿ ಉದುರತೊಡಗಿತು. ಲುನ್ ಕೋಲಿನಿಂದ ಬಡಿದು ಕೇಳಿದ. ಮೇಲೆ ಟೊಳ್ಳು ಸದ್ದು. ಮತ್ತೆ ಬಿಂಗ್‌ನನ್ನು ಕರೆದುಕೊಂಡು ಪೆಂಗೆಲಿಯ ಹತ್ತಿರ ಹೋದ, ಮತ್ತೆ ಅದೇ ಗಾಡಿಯ ಮಾತು ಕೇಳಿ ಬಂದ.

ಮಾರನೆಯ ದಿನ ರಜೆ. ಎಲ್ಲರೂ ಪೇಟೆಗೆ ಹೋಗಿದ್ದರು. ಜೂಜಾಡಲು ಬಟ್ಟೆಯೂ ಉಳಿಯದ ಸೂಯಿ ಒಬ್ಬನೇ ಬಿಡಾರದಲ್ಲಿದ್ದ.

"ಎದ್ದೇಳು, ಒಂದು ಕೈ ಹಿಡಿ," ಎಂದ ಲುನ್, ಮಂಚದ ಅಡಿಯಿಂದ ಹಲಗೆ ಎಳೆಯುತ್ತ.

ಸೂಯಿ ಹಿಂದಕ್ಕೆ ಸರಿದ. "ಅದನ್ನ ನಾನು ಮುಟ್ಟಬಾರದು, ದೊಡ್ಡಪ್ಪ."

"ಅದರ ಒಡೆಯ ನಾನು, ಮುಟ್ಟು ಅಂತಿದೀನಿ."

"ಪೆಟ್ಟಿಗೆ ಮರ ಸುರಂಗದೊಳಗಾ? ಗೊತ್ತಾದ್ರೆ ಒಬ್ಬನೂ ಒಳಗೆ ಕಾಲಿಡಲ್ಲ."

"ಅದಕ್ಕೇ ಗೊತ್ತಾಗಬಾರದು. ಗೊತ್ತಾಗೋದು ಬಂಡೆಗೆ ಮಾತ್ರ."

ಇಬ್ಬರೂ ಸೇರಿ ಹೊತ್ತರು. ಗಿಡ್ಡ ಹಲಗೆಗಳನ್ನು ಇದ್ದಬದ್ದ ಕಂಬಗಳ ಬುಡಕ್ಕೆ, ಉದ್ದನೆಯವನ್ನು ಚಾವಣಿಗೆ. ಮುಚ್ಚಳದ ಹಲಗೆಯ ಸರದಿ ಬಂದಾಗ ಲುನ್ ಕೆಂಪು ಅಕ್ಷರದ ಮುಖವನ್ನು ಬಂಡೆಯ ಕಡೆಗೆ ತಿರುಗಿಸಿ, ಬೆಣೆ ಬಡಿದು ಬಿಗಿ ಮಾಡಿದ. ಬೆಣೆ ಬಡಿಯುವಾಗ ಮಾತ್ರ ಅವನ ಕೈ ಹೆಚ್ಚು ನಡುಗಲಿಲ್ಲ.

"ಮರ ಬಂದ ಮೇಲೆ ತೆಗೆದ್ರೆ ಆಯ್ತು," ಎಂದ. "ನಾನೇನು ನಾಳೇನೇ ಸಾಯ್ತೀನಾ?"

*

ಸೂಯಿ ಹೇಳಿ ಮುಗಿಸಿದಾಗ ಕೆಲವರು ತಲೆ ಮುಟ್ಟಿ ನೋಡಿಕೊಂಡರು. ಒಬ್ಬ ಪಕ್ಕಕ್ಕೆ ಹೋಗಿ ಉಗುಳಿದ. "ಚಳಿಗಾಲವೆಲ್ಲ ಹೆಣದ ಪೆಟ್ಟಿಗೆಯೊಳಗೆ ಕೂತು ಊಟ ಮಾಡಿದ್ವಲ್ಲೋ," ಎಂದು ಇನ್ನೊಬ್ಬ ಗೋಳಾಡಿದ.

"ಮಾಡಿದ್ರಿ. ಆಮೇಲೆ ಎದ್ದು ಹೊರಗೆ ಬಂದ್ರಿ," ಎಂದ ಮೋಕ್. "ಆ ಪೆಟ್ಟಿಗೆ ಒಳಗೆ ಹೋದವನು ಎದ್ದು ಬಂದಿದ್ದನ್ನ ಬೇರೆ ಎಲ್ಲಾದರೂ ನೋಡಿದ್ದೀರಾ?"

ಗಿಟ್ ತನ್ನ ಅಂಗೈಯನ್ನು ನೋಡಿಕೊಂಡ. ಸೂಯಿಯ ಕೆನ್ನೆಯ ಕೆಂಪು ಇನ್ನೂ ಇಳಿದಿರಲಿಲ್ಲ. ಒಂದೇ ಸೂರಿನಡಿ ದಿನಾ ಮಲಗುತ್ತಿದ್ದ ಗೆಳೆಯ ತನಗೂ ಹೇಳಲಿಲ್ಲವಲ್ಲ ಎಂದು ಅವನಿಗೆ ಸಿಟ್ಟು ಬಂತು. ಹೇಳಿದ್ದರೆ ತಾನು ಬಿಡುತ್ತಿರಲಿಲ್ಲ ಎಂಬುದೂ ಹೊಳೆಯಿತು. ಆಮೇಲೆ ಎದ್ದು ಬಿಡಾರದ ಬಾಗಿಲನ್ನು ಕೀಲಿನಿಂದ ಕಿತ್ತ.

"ಏನು ಮಾಡ್ತಿದ್ದೀಯ?" ಎಂದ ಬಿಂಗ್.

"ಲುನ್‌ನ ಇದರ ಮೇಲೆ ಮಲಗಿಸಿ. ಸುರಂಗದ ಬಾಯಿಗೆ ಒಯ್ಯೋಣ. ಹೊಸ ಮರ ಬರಬೇಕು, ಅವನ ಹಲಗೆ ಹೊರಗೆ ಬರಬೇಕು. ಅಲ್ಲಿಯವರೆಗೆ ಅವನೂ ಏಳಲ್ಲ, ನಾವೂ ಏಳಲ್ಲ."

"ಕೆಲಸದಿಂದ ಓಡಿಸ್ತಾರೆ."

"ಓಡಿಸಲಿ. ಆ ಬಿಸಿಗೆ ಬೇರೆ ಯಾರು ಇಳೀತಾರೆ ಅಂತ ನೋಡೇಬಿಡೋಣ."

ಬಿಂಗ್ ಸುತ್ತ ನೋಡಿದ. ಯಾರೂ ಬೇಡವೆನ್ನಲಿಲ್ಲ. ಉಗುಳಿ ಬಂದವನೇ ಮೊದಲು ಬಾಗಿಲಿನ ಒಂದು ಮೂಲೆಗೆ ಕೈಹಾಕಿದ.

*

ಮಧ್ಯಾಹ್ನ ಪೆಂಗೆಲಿ ಬಂದಾಗ ಸುರಂಗದ ಬಾಯಿಗೆ ಅಡ್ಡಲಾಗಿ ಹೆಣ, ಹೆಣದ ಸುತ್ತ ಜನ, ಜನರ ನಡುವೆ ಊದುಬತ್ತಿಯ ಹೊಗೆ. ಮೋಕ್ ಅಲ್ಲೇ ಕಲ್ಲು ಹೂಡಿ ಚಹಾ ಕಾಯಿಸುತ್ತಿದ್ದ. ಪೆಂಗೆಲಿ ಟೋಪಿ ತೆಗೆದು ಒಂದು ಗಳಿಗೆ ನಿಂತ. ಅವನೂ ಗಣಿಯಲ್ಲೇ ಹುಟ್ಟಿ ಬೆಳೆದವನು, ಸತ್ತವರ ಮುಂದೆ ಟೋಪಿ ಹಾಕಿಕೊಂಡು ನಿಲ್ಲುವಷ್ಟು ಕೆಟ್ಟವನಲ್ಲ. ಆಮೇಲೆ ಟೋಪಿ ಹಾಕಿಕೊಂಡು ಬಿಂಗ್‌ನನ್ನು ಕರೆದ.

"ಹೂಳಿ ಮುಗಿಸಿ ಒಳಗೆ ಇಳೀರಿ ಅಂತಿದ್ದಾನೆ," ಎಂದ ಬಿಂಗ್. "ಕುಲುಮೆಗೆ ಅದಿರು ಸಾಲಲ್ವಂತೆ."

"ಮರ ಕೊಟ್ರೆ ಇಳೀತೀವಿ ಅನ್ನು. ಮ್ಯಾನೇಜರ್ ಮನೆ ಹಿಂದೆ ಕುದುರೆ ಲಾಯಕ್ಕೆ ತಂದ ತೊಲೆಗಳು ಬಿದ್ದಿವೆ. ಅವು ಆಗುತ್ತೆ."

ಬಿಂಗ್ ಗಂಟಲು ಸರಿಮಾಡಿಕೊಂಡು ಮಾತಾಡಿದ. ಪೆಂಗೆಲಿ ಸಮಾಧಾನದಿಂದ ತಲೆಯಾಡಿಸಿದ. ಗಿಟ್‌ಗೆ ಅನುಮಾನ ಬರಲು ಅಷ್ಟು ಸಾಕಾಯಿತು.

"ನೀನು ಏನಂದೆ?"

"ಮರ ಕೊಟ್ರೆ ತುಂಬಾ ಉಪಕಾರ ಆಗುತ್ತೆ, ಯಾವಾಗ ಅನುಕೂಲವೋ ಆವಾಗ ಅಂದೆ."

"ನಾನು ಹಂಗಂದ್ನಾ?"

"ಅಣ್ಣ, ನೀವು ಹೇಳಿದ್ದನ್ನೆಲ್ಲ ಹಂಗಂಗೇ ಹೇಳಿದ್ರೆ ಇಷ್ಟೊತ್ತಿಗೆ ನಮಗೆ ಬಿಡಾರಾನೂ ಇರ್ತಿರಲಿಲ್ಲ."

"ಇವತ್ತು ಒಂದು ದಿನ ಹಂಗಂಗೇ ಹೇಳು. ಕುದುರೆ ತಲೆ ಮೇಲೆ ಸೂರು ಬೇಕು ಅಂತ ಮರ ತರಿಸಿದ್ರಿ. ನಮ್ಮ ತಲೆ ಮೇಲಿನ ಸೂರನ್ನ ಈ ಸತ್ತವನು ಅವನ ಪೆಟ್ಟಿಗೆ ಕೊಟ್ಟು ನಿಲ್ಲಿಸಿದ. ಅದನ್ನ ಅವನಿಗೆ ವಾಪಸ್ ಕೊಡದೆ ಇಲ್ಲಿಂದ ಒಬ್ಬನೂ ಕದಲಲ್ಲ. ಹೇಳು."

ಬಿಂಗ್ ಲುನ್‌ನ ಮುಖ ನೋಡಿದ. ಹಲ್ಲಿಲ್ಲದ ಬಾಯಿ ಒಳಕ್ಕೆ ಮಡಿಚಿಕೊಂಡು, ಏನೋ ತಮಾಷೆಯನ್ನು ತಡೆದುಕೊಂಡಂತಿತ್ತು. ಬಿಂಗ್ ಪೆಂಗೆಲಿಯ ಕಡೆ ತಿರುಗಿ, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ ಒಂದೊಂದೇ ಮಾತನ್ನು ಹೇಳಿದ. ಹೇಳುತ್ತ ಹೋದಂತೆ ಪೆಂಗೆಲಿಯ ಮುಖ ಇಂಗಳೀಕದಂತೆ ಕೆಂಪಾಯಿತು. ಅವನು ಏನೋ ಕೂಗಿದ. ಬಿಂಗ್ ಅದನ್ನು ತಿರುಗಿಸಿ ಹೇಳುವ ಗೋಜಿಗೇ ಹೋಗದೆ, ಹೆಣದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

ಪೆಂಗೆಲಿ ಹೋದ. ಮೋಕ್ ಬಿಂಗ್‌ನ ಕೈಗೆ ಚಹಾ ಕೊಟ್ಟ.

ಎಲ್ಲರೂ ಕುಲುಮೆಯ ಚಿಮಣಿಯನ್ನೇ ನೋಡುತ್ತ ಕುಳಿತರು. ಕುಲುಮೆ ಒಂದು ಸಲ ಆರಿದರೆ ಮತ್ತೆ ಕಾಯಲು ಎಷ್ಟೋ ದಿನ ಬೇಕು. ಬಿಸಿಲು ಇಳಿಯುತ್ತ ಬಂದಂತೆ ಹೊಗೆ ದಪ್ಪ ಹೋಗಿ ಸಣ್ಣದಾಯಿತು, ಆಮೇಲೆ ಎಳೆ ಎಳೆಯಾಯಿತು. ಯಾರಿಗೂ ಧೈರ್ಯವೆಂಬುದು ತುಂಬಿ ತುಳುಕುತ್ತಿರಲಿಲ್ಲ. ಊರಿಗೆ ಏನು ಕಳಿಸುವುದು, ನಾಳೆ ಎಲ್ಲಿ ಮಲಗುವುದು ಎಂದು ಒಬ್ಬೊಬ್ಬರೂ ಒಳಗೇ ಲೆಕ್ಕ ಹಾಕುತ್ತಿದ್ದರು. ಆದರೂ ಒಬ್ಬನೂ ಏಳಲಿಲ್ಲ. ಹೆಣದ ಮುಂದೆ ಮೊದಲು ಎದ್ದವನೆಂಬ ಹೆಸರು ಯಾರಿಗೂ ಬೇಡವಾಗಿತ್ತು.

ದಿಬ್ಬದ ತಿರುವಿನಲ್ಲಿ ಗಾಡಿಯ ಸದ್ದು ಕೇಳಿದ್ದು ಸೂಯಿಗೆ. "ಬಂತು," ಎಂದ. ಗಾಡಿಯ ತುಂಬ ಲಾಯದ ತೊಲೆಗಳು. ಪೆಂಗೆಲಿ ಅವುಗಳನ್ನು ಗದ್ದದಿಂದಲೇ ತೋರಿಸಿ, ಯಾರ ಮುಖವನ್ನೂ ನೋಡದೆ ಹಿಂತಿರುಗಿದ.

*

ಹಲಗೆ ಕೀಳಲು ಒಳಗೆ ಉಳಿದವರು ಗಿಟ್ ಮತ್ತು ಸೂಯಿ. ಹೊಸ ಕಂಬ ನಿಲ್ಲಿಸುವವರೆಗೆ ಉಳಿದವರೂ ಕೈಜೋಡಿಸಿದರು, ಆಮೇಲೆ ಗಿಟ್ ಅವರನ್ನು ಹೊರಗೆ ಕಳಿಸಿದ.

"ನೀನೂ ಹೋಗು," ಎಂದ ಸೂಯಿಗೆ.

"ಹಾಕಿದವನು ನಾನು. ಯಾವ ಬೆಣೆ ಎಲ್ಲಿದೆ ಅಂತ ನಿಮಗೇನು ಗೊತ್ತು?"

ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಸೂಯಿ ಬೆಣೆಯನ್ನು ಒಂದು ಕಡೆಯಿಂದ ಮೆಲ್ಲಗೆ ಬಡಿದ, ಗಿಟ್ ಹಲಗೆಯನ್ನು ಭುಜದಿಂದ ಹಿಡಿದುಕೊಂಡ. ಬೆಣೆ ಬಿಟ್ಟಿತು. ಗುಡ್ಡ ಹೊಟ್ಟೆ ಹಸಿದವನಂತೆ ಒಮ್ಮೆ ಗುರುಗುಟ್ಟಿತು. ಪುಡಿ ಉದುರಿ ಬತ್ತಿ ಆರಿತು. ಕತ್ತಲಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಲಾಯದ ತೊಲೆ ಕಿರುಗುಟ್ಟಿ, ಭಾರ ಹೊತ್ತು ನಿಂತುಕೊಂಡಿತು.

"ಸೂಯಿ," ಎಂದ ಗಿಟ್ ಕತ್ತಲಲ್ಲೇ. "ಕೆನ್ನೆ ನೋಯ್ತಿದೆಯಾ?"

"ಹೂಂ. ನೋಯ್ತಿದೆ."

"ಲುನ್ ತಲೆ ಕಡೆಗೆ ನೀನೇ ಹೆಗಲು ಕೊಡು. ಅದು ಮಗ ಹೊರೋ ಜಾಗ. ಇಲ್ಲಿ ಅವನಿಗೆ ಬೇರೆ ಯಾರಿದ್ದಾರೆ?"

ಸೂಯಿ ಮೂಗು ಸೆಳೆದುಕೊಂಡ ಸದ್ದು ಕೇಳಿಸಿತು. ಹಲಗೆಗಳು ಒಂದೊಂದಾಗಿ ಹೊರಗೆ ಹೋದವು.

ಬೆಳಕಿಗೆ ತಂದು ನೋಡಿದಾಗ ಉಳಿದವು ನೆಟ್ಟಗಿದ್ದವು, ಮುಚ್ಚಳದ ಹಲಗೆ ಮಾತ್ರ ನೆಟ್ಟಗಿರಲಿಲ್ಲ. ಬಿಸಿ ಹಬೆಯಲ್ಲಿ ಮೆತ್ತಗಾಗಿ, ಮೇಲಿನ ಬಂಡೆಯ ಭಾರಕ್ಕೆ ಅದು ನಡುವಿನಲ್ಲಿ ಬಿಲ್ಲಿನಂತೆ ಬಗ್ಗಿತ್ತು. ಕೆಂಪು ಅಕ್ಷರ ಆ ಹಳ್ಳದಲ್ಲಿ ಕುಳಿತಿತ್ತು. ಪೆಟ್ಟಿಗೆ ಜೋಡಿಸಿ, ಲುನ್‌ನನ್ನು ಒಳಗೆ ಮಲಗಿಸಿ, ಅಕ್ಷರ ಮೇಲಾಗಿ ಮುಚ್ಚಳ ಇಟ್ಟರೆ ಅದು ಅವನ ಎದೆಗೇ ತಾಗಿತು.

"ಇನ್ನೂ ಭಾರ ಹೊರಿಸ್ತೀರೇನ್ರೋ ಅವನ ಮೇಲೆ?" ಎಂದ ಮೋಕ್.

ಗಿಟ್ ಹಲಗೆಯನ್ನು ಮಗುಚಿದ. ಈಗ ಅದು ಮೇಲಕ್ಕೆ ಕಮಾನಾಗಿ ನಿಂತಿತು.

"ಅಕ್ಷರ ಒಳಗಾಯ್ತಲ್ಲ ಅಣ್ಣ," ಎಂದ ಬಿಂಗ್. "ಯಾರಿಗೂ ಕಾಣಲ್ಲ."

"ಅವನು ಬರೆದಿದ್ದು, ಅವನೇ ನೋಡ್ಕೊಳ್ಳಲಿ."

ಪಕ್ಕಗಳಲ್ಲಿ ಉಳಿದ ಸಂದಿಗೆ ಲಾಯದ ಮರದ ಸೀಳು ಬಡಿದು, ಆ ಸೀಳಿನ ಮೇಲೆ ಜೇಡಿಮಣ್ಣು ಮೆತ್ತಿದರು. ಮೊಳೆ ಹೊಡೆಯುವಾಗ ತಮ್ಮ ನೆರಳು ಒಳಗೆ ಸಿಕ್ಕಿಕೊಳ್ಳದಿರಲೆಂದು ಎಲ್ಲರೂ ಬೆನ್ನು ತಿರುಗಿಸಿ ನಿಂತರು. ಸೂಯಿ ತಲೆಯ ಕಡೆ ಹೊತ್ತ. ಕೆಸರು ಮೆತ್ತಿದ ತೂತಿನ ಕಾಗದಗಳನ್ನು ಬಿಂಗ್ ದಾರಿಯುದ್ದಕ್ಕೂ ತೂರಿದ. ಕೆರೆಯ ಆಚೆಯ ಇಳಿಜಾರಿನಲ್ಲಿ, ದೇವದಾರು ಉರುಳಿದ್ದ ಜಾಗದ ಹತ್ತಿರ ಗುಂಡಿ ಸಿದ್ಧವಾಗಿತ್ತು. ಮೋಕ್ ಹಂದಿಮಾಂಸ, ಅನ್ನ, ಸ್ವಲ್ಪ ಸಾರಾಯಿ ಎಡೆ ಇಟ್ಟು, ಬಾಯಿ ಸಿಹಿಯಾಗಲಿ ಎಂದು ಎಲ್ಲರಿಗೂ ಒಂದೊಂದು ಚೂರು ಬೆಲ್ಲ ಕೊಟ್ಟ. ದೂರದಲ್ಲಿ ಕುಲುಮೆಯ ಚಿಮಣಿಯ ಹೊಗೆ ಆಗಲೋ ಈಗಲೋ ನಿಲ್ಲುವಂತಿತ್ತು. ಯಾರೂ ಆ ಕಡೆ ತಿರುಗಲಿಲ್ಲ.

ಪೆಟ್ಟಿಗೆ ಇಳಿಸಿದ ಮೇಲೆ ಗಿಟ್ ಮೊದಲ ಸಲಿಕೆ ಮಣ್ಣು ಹಾಕಿದ. ಅದು ಮುಚ್ಚಳದ ಮೇಲೆ ನಿಲ್ಲಲಿಲ್ಲ. ಅರ್ಧ ತಲೆಯ ಕಡೆಗೆ, ಅರ್ಧ ಕಾಲಿನ ಕಡೆಗೆ ಜಾರಿಹೋಯಿತು. ಸೂಯಿ ಹಾಕಿದ, ಬಿಂಗ್ ಹಾಕಿದ, ಉಳಿದವರೂ ಹಾಕಿದರು. ಗುಂಡಿಯ ಎರಡು ತುದಿಗಳು ತುಂಬುತ್ತ ಬಂದವು. ನಡುವೆ ಆ ಬಾಗಿದ ಹಲಗೆ ಬಿದ್ದ ಮಣ್ಣನ್ನೆಲ್ಲ ಆಚೀಚೆ ಸರಿಸುತ್ತ, ಬರಿಮೈಯಲ್ಲಿ ಹಾಗೇ ಮೇಲೆದ್ದು ನಿಂತಿತ್ತು.